ಟ್ರೆಕ್ಕಿಂಗ್ ಕ್ಯಾಂಪ್‌ನಲ್ಲಿ ಊಟ ಬಿಸಿಯಾಗಿಡುವ ಪಾತ್ರೆ ಕವರ್: ಕೊಳ್ಳೋದಾ, ಮನೇಲೇ ಮಾಡೋದಾ?

ಒಬ್ಬಿಬ್ಬರಿಗಾದರೆ ಮನೆಯಲ್ಲೇ ಮಾಡಿಕೊಳ್ಳಿ. ಕಾರಿನ ಗಾಜಿಗೆ ಬಿಸಿಲು ತಡೆಯಲು ಇಡುವ ಬೆಳ್ಳಿ ಬಣ್ಣದ ಗುಳ್ಳೆ ಶೀಟ್ ಇದೆ ಅಲ್ವಾ, ಅದೇ ಸಾಕು. ಪಾತ್ರೆಯ ಸುತ್ತಳತೆಗೆ ಒಂದು ಪಟ್ಟಿ, ತಳಕ್ಕೊಂದು, ಮೇಲಕ್ಕೊಂದು ದುಂಡನೆ ತುಂಡು ಕತ್ತರಿಸಿ ಅಲ್ಯೂಮಿನಿಯಂ ಟೇಪ್‌ನಿಂದ ಅಂಟಿಸಿ. ಸಾದಾ ಸೆಲ್ಲೋಟೇಪ್ ಬಿಸಿಗೆ ಬಿಟ್ಟುಕೊಳ್ಳುತ್ತದೆ. ಮೇಲಿನ ಮುಚ್ಚಳ ಬಿಗಿಯಾಗಿ ಕೂರಲೇಬೇಕು; ಹಬೆ ಹೊರಗೆ ಹೋದರೆ ಬಿಸಿಯೂ ಹೋಯಿತು.

ನನ್ನ ಪ್ರಕಾರ ಇದರ ದೊಡ್ಡ ಲಾಭ ಗ್ಯಾಸ್ ಉಳಿತಾಯ. ಹಿಮಾಲಯದಲ್ಲಿ 3,600 ಮೀಟರ್ ಎತ್ತರಕ್ಕೆ ಹೋದರೆ ನೀರು ಸುಮಾರು 88 ಡಿಗ್ರಿಗೇ ಕುದಿಯುತ್ತದೆ, ಅಡುಗೆ ನಿಧಾನ. ನೂಡಲ್ಸ್, ಶಾವಿಗೆ, ಓಟ್ಸ್ ಒಂದು ಕುದಿ ಬಂದ ಮೇಲೆ ಇಳಿಸಿ, ಕವರ್‌ನೊಳಗೆ ಹತ್ತು ಹದಿನೈದು ನಿಮಿಷ ಬಿಡಿ. ಸುಮ್ನೆ ಒಲೆ ಉರಿಸದೆ ಅದೇ ಬಿಸಿಗೆ ಬೇಯುತ್ತದೆ. ಬೇಳೆಗೆ ಮಾತ್ರ ಇದು ಸಾಲದು, ಕುಕ್ಕರ್ರೇ ಬೇಕು.

ಪಾತ್ರೆ ಒಲೆ ಮೇಲಿರುವಾಗ ಕವರ್ ಹಾಕಬೇಡಿ, ಕರಗುತ್ತದೆ. ಮಂಜಿನ ಮೇಲೆ ನೇರವಾಗಿ ಇಡದೆ ಮ್ಯಾಟ್ ತುಂಡಿನ ಮೇಲಿಡಿ.

ಅಂಗಡಿಯ ಹೊಲಿದ ಕವರ್ ಜಾಸ್ತಿ ಬಾಳಿಕೆ ಬರುತ್ತದೆ. ದೊಡ್ಡ ಗುಂಪಿಗೆ, ಪದೇ ಪದೇ ಹೋಗುವವರಿಗೆ ಅದನ್ನು ಕೊಳ್ಳಬಹುದು. ಯಾವುದಾದರೂ ಸರಿ, ಉಗುರುಬೆಚ್ಚಗಾದ ಅಡುಗೆಯನ್ನು ಗಂಟೆಗಟ್ಟಲೆ ಇಟ್ಟು ತಿನ್ನಬೇಡಿ.