ನಿಮ್ಮ ಅಜ್ಜನ ರೈಫಲ್ಲಿನ ಮೇಲಿರುವ ಕಿರೀಟದ ಮುದ್ರೆ

ನಮಸ್ಕಾರ. ತೀರ್ಥಹಳ್ಳಿಯ ಅಜ್ಜನ ಮನೆಯ ಬೇಟೆ ರೈಫಲ್ಲಿನ ಮೇಲೆ ಕಲ್ಕತ್ತೆಯ ಅಂಗಡಿಯೊಂದರ ಹೆಸರೂ, ನಳಿಗೆಯ ಅಡಿಯಲ್ಲಿ ಅಂಡಾಕಾರದ ಗೆರೆಯೊಳಗೆ ‘ಇಎಲ್‌ಜಿ’ ಅಕ್ಷರಗಳೂ, ಅದರ ಮೇಲೊಂದು ಕಿರೀಟವೂ ಇವೆಯೆಂದು ಬರೆದು, ಆ ರೈಫಲ್ಲು ಇಂಗ್ಲೆಂಡಿನದೋ ಎಂದು ಕೇಳಿದ್ದೀರಿ. ಆ ಮುದ್ರೆ ಬೆಲ್ಜಿಯಂ ದೇಶದ ಲೀಜ್ ನಗರದ ಕೋವಿ ಪರೀಕ್ಷಾಲಯದ್ದು, ಅಂದರೆ ನಳಿಗೆಯಲ್ಲಿ ಹೆಚ್ಚಿನ ಮದ್ದು ಸಿಡಿಸಿ ಅದರ ಗಟ್ಟಿತನವನ್ನು ಪರೀಕ್ಷಿಸುವ ಕೇಂದ್ರದ್ದು. ಅಂಡಾಕಾರದ ಮೇಲೆ ಕಿರೀಟ ಸೇರಿದ್ದು 1893ರಲ್ಲಿ. ಆದ್ದರಿಂದ ನಿಮ್ಮ ನಳಿಗೆಯ ಪರೀಕ್ಷೆ ಅದಕ್ಕಿಂತ ಮುಂಚಿನದಲ್ಲ. ಪಕ್ಕದಲ್ಲಿ ಒಂಟಿಯಾಗಿ ಸಣ್ಣಕ್ಷರವೊಂದಿದ್ದರೆ ಗಮನವಿಟ್ಟು ನೋಡಿ, ಏಕೆಂದರೆ 1922ರಿಂದ ಲೀಜ್‌ನವರು ‘ಎ’ಯಿಂದ ಆರಂಭಿಸಿ ವರ್ಷವನ್ನು ಹಾಗೆ ಸೂಚಿಸತೊಡಗಿದರು.

ಅಂಗಡಿಯ ಹೆಸರನ್ನು ತಯಾರಕರ ಹೆಸರೆಂದು ತಿಳಿಯಬಾರದು. ಹೊರಗಿನಿಂದ ತರಿಸಿದ ಕೋವಿಗಳ ಮೇಲೆ ಮಾರಾಟಗಾರರು ತಮ್ಮ ಹೆಸರು ಕೆತ್ತಿಸುವುದು ಆಗ ಸಾಮಾನ್ಯವಾಗಿತ್ತು. 1904ರಿಂದ 1954ರವರೆಗೆ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಪರೀಕ್ಷೆಯಾಗಿದ್ದರೆ ಕಿರೀಟದ ಕೆಳಗೆ ‘ಬಿಪಿ’, ‘ಬಿವಿ’ ಅಥವಾ ‘ಎನ್‌ಪಿ’ ಕಾಣಬೇಕಿತ್ತು.

ಸಿಂಹದೊಡನೆ ‘ಪಿವಿ’ ಎಂಬ ಮುದ್ರೆಯಿದೆಯೇ ಎಂಬುದು ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುತ್ತದೆ: ಅದು ಇಂದಿನ ತೋಟಾಗಳಲ್ಲಿರುವ ಹೊಗೆರಹಿತ ಮದ್ದಿನ ಪರೀಕ್ಷೆಯ ಗುರುತು. ಅದಿಲ್ಲದ ನಳಿಗೆಯಲ್ಲಿ ಇಂದಿನ ತೋಟಾ ಹಾರಿಸಿದರೆ ನಳಿಗೆ ಸಿಡಿಯಬಹುದು. ಮುದ್ರೆಯಿದ್ದರೂ, ನಮ್ಮ ಮಲೆನಾಡಿನ ಮಳೆಗಾಲಗಳನ್ನು ಕಂಡ ಕಬ್ಬಿಣವನ್ನು ಅನುಭವಿ ಕೋವಿ ಕೆಲಸಗಾರರಿಗೆ ತೋರಿಸದೆ ಬಳಸಬೇಡಿ. ಕೋವಿ ಖಾಲಿಯೆಂದು ಖಚಿತಪಡಿಸಿಕೊಂಡ ನಂತರವೇ ಮುದ್ರೆಗಳನ್ನು ಎಣ್ಣೆ ಬಟ್ಟೆಯಿಂದ ಮೃದುವಾಗಿ ಒರೆಸಿ. ಉಪ್ಪು ಕಾಗದ ತಾಗಿಸಿದರೆ ಅಕ್ಷರಗಳೇ ಅಳಿಸಿಹೋಗುತ್ತವೆ.