ಗರ್ಭಕೋಶ ತೆಗೆಸಿದ ಮೇಲೂ ರಕ್ತ ಕಾಣಿಸಿದರೆ?

ಪ್ರಶ್ನೆ: ನನಗೆ 48 ವರ್ಷ. ಗಡ್ಡೆ ಆಗಿದೆಯೆಂದು ಮೂರು ವರ್ಷದ ಹಿಂದೆ ಗರ್ಭಕೋಶ ತೆಗೆಸಿದ್ದೇನೆ. ಹೋದ ವಾರ ಭತ್ತದ ನಾಟಿ ಮುಗಿಸಿ ಬಂದಾಗ ಒಳಬಟ್ಟೆಯಲ್ಲಿ ಕೆಂಪು ಕಲೆ ಇತ್ತು. ಎರಡು ದಿನ ಹನಿಹನಿಯಾಗಿ ಹೋಗಿ ನಿಂತಿದೆ. ‘ಬಗ್ಗಿ ದುಡಿದು ಉಷ್ಣ ಆಗಿದೆ, ಎಳನೀರು ಕುಡಿ’ ಅನ್ನುತ್ತಾರೆ ನಮ್ಮತ್ತೆ. ಮತ್ತೆ ಮುಟ್ಟು ಶುರುವಾಯಿತೇ? ಕ್ಯಾನ್ಸರ್ ಇರಬಹುದೇ?
– ಹೆಸರು ಬೇಡ, ಗಂಗಾವತಿ ತಾಲ್ಲೂಕು

ಉತ್ತರ: ಎಳನೀರು ಕುಡಿಯಿರಿ, ಅಡ್ಡಿಯಿಲ್ಲ. ಆದರೆ ನಾಟಿಯನ್ನು ದೂರಬೇಡಿ. ಮೂರು ವರ್ಷದ ಹೊಲಿಗೆ ಬಗ್ಗಿದ್ದಕ್ಕೆ ಬಿಚ್ಚಿಕೊಳ್ಳುವುದು ತೀರಾ ಅಪರೂಪ.

ಮೊದಲು ಆಪರೇಷನ್ ಕಾಗದ ಹುಡುಕಿ. ಡಿಸ್ಚಾರ್ಜ್ ಕಾರ್ಡಿನಲ್ಲಿ ‘ಟೋಟಲ್’ ಎಂದಿದ್ದರೆ ಗರ್ಭಕೋಶದ ಬಾಯಿಯನ್ನೂ ತೆಗೆದಿದ್ದಾರೆ, ಮುಟ್ಟಿನ ಮಾತೇ ಇಲ್ಲ. ‘ಸಬ್‌ಟೋಟಲ್’ ಎಂದಿದ್ದರೆ ಬಾಯಿ ಉಳಿದಿದೆ. ಅಂಡಾಶಯವೂ ಉಳಿದಿದ್ದರೆ ತಿಂಗಳಿಗೊಮ್ಮೆ ಸ್ವಲ್ಪ ಕಲೆಯಾಗಬಹುದು. ಆ ಬಾಯಿಯ, ಅಂದರೆ ಗರ್ಭಕಂಠದ, ಕ್ಯಾನ್ಸರ್ ತಪಾಸಣೆಯನ್ನೂ ಬಿಡುವಂತಿಲ್ಲ. ತೆಗೆದ ಗಡ್ಡೆಯ ಬಯಾಪ್ಸಿ (ತುಣುಕು ತೆಗೆದು ಮಾಡುವ ಪರೀಕ್ಷೆ) ವರದಿ ಇದೆಯೇ ನೋಡಿ. ಎಷ್ಟೋ ಜನ ಬಿಲ್ಲನ್ನು ಜೋಪಾನವಾಗಿ ಇಟ್ಟಿರುತ್ತಾರೆ, ಇದನ್ನು ಕೇಳಿಯೇ ಇರುವುದಿಲ್ಲ!

ನಿಮ್ಮ ವಯಸ್ಸಿಗೆ ಹೆಚ್ಚಾಗಿ ಕಾಣುವ ಕಾರಣ ಬೇರೆ. ಈಸ್ಟ್ರೋಜನ್ ಎಂಬ ಹೆಣ್ಣು ಹಾರ್ಮೋನು ಕಡಿಮೆಯಾಗಿ ಯೋನಿಯ ಒಳಪದರ ಒಣಗಿ ತೆಳುವಾಗುತ್ತದೆ. ಉರಿ, ಕೆರೆತ ಇರುತ್ತದೆ, ಗಂಡ-ಹೆಂಡತಿ ಸೇರಿದ ಮೇಲೆ ರಕ್ತ ಕಾಣಿಸುತ್ತದೆ. ಇದಕ್ಕೆ ಒಳಗೆ ಹಚ್ಚುವ ಮುಲಾಮು ಇದೆ, ವೈದ್ಯರು ನೋಡಿಯೇ ಕೊಡಬೇಕು. ಇನ್ನು ಕೆಲವರಿಗೆ ಒಳಹೊಲಿಗೆ ಮಾಯ್ದ ಜಾಗದಲ್ಲಿ ಕೆಂಪು ಮಾಂಸದ ಚಿಗುರು ಬೆಳೆದು ಮುಟ್ಟಿದರೆ ರಕ್ತ ಒಸರುತ್ತದೆ. ಅದನ್ನು ಓಪಿಡಿಯಲ್ಲೇ ಔಷಧಿ ತಾಗಿಸಿ ಸುಡುತ್ತಾರೆ. ಮೂತ್ರದ ಅಥವಾ ಮೂಲವ್ಯಾಧಿಯ ರಕ್ತವೂ ಇಲ್ಲಿಂದಲೇ ಬಂದಂತೆ ಕಾಣುವುದುಂಟು.

ಕ್ಯಾನ್ಸರ್ ಸಾಧ್ಯತೆ ಕಡಿಮೆ, ಅದರಲ್ಲೂ ಹಳೆಯ ಬಯಾಪ್ಸಿ ಶುದ್ಧವಾಗಿದ್ದರೆ. ಹಾಗಂತ ನೋಡದೆ ಹೇಳಲಾಗದು. ಬರೀ ಸ್ಕ್ಯಾನಿಂಗ್ ಮಾಡಿಸಿ ‘ನಾರ್ಮಲ್’ ಅನ್ನಿಸಿಕೊಂಡು ಬರಬೇಡಿ. ಯೋನಿಯೊಳಗಿನ ಹುಣ್ಣು, ಚಿಗುರು ಸ್ಕ್ಯಾನಿಂಗಿನಲ್ಲಿ ತಪ್ಪಿಹೋಗುತ್ತವೆ. ಸ್ತ್ರೀರೋಗ ತಜ್ಞರು ಉಪಕರಣ ಹಾಕಿ ಕಣ್ಣಾರೆ ನೋಡಬೇಕು. ಐದು ನಿಮಿಷದ ಕೆಲಸ. ನಿಂತಿದೆಯಲ್ಲ ಎಂದು ಮುಂದೂಡದೆ ಈ ವಾರವೇ ಹೋಗಿ. ಗಂಗಾವತಿಯ ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸಿ. ಬಯಾಪ್ಸಿ ಬೇಕೆಂದರೆ ಕೊಪ್ಪಳ ಅಥವಾ ಬಳ್ಳಾರಿಯ ಮೆಡಿಕಲ್ ಕಾಲೇಜು ಆಸ್ಪತ್ರೆ ಇದೆ.

ಹೊಸದಾಗಿ ಆಪರೇಷನ್ ಆದವರಿಗೂ ಒಂದು ಮಾತು. ಆರು ವಾರದವರೆಗೆ ತುಸು ಕಲೆಯಾಗುವುದು ಸಹಜ. ಆದರೆ ಗಂಟೆಗೊಂದು ಪ್ಯಾಡ್ ತೊಯ್ದರೆ, ಜ್ವರ, ದುರ್ವಾಸನೆ, ತಡೆಯಲಾರದ ಹೊಟ್ಟೆನೋವು ಇದ್ದರೆ ಬೆಳಗಾಗಲಿ ಎಂದು ಕಾಯದೆ 108ಕ್ಕೆ ಫೋನ್ ಮಾಡಿ.