ಪೊಲೀಸ್ ಕಾರು ಹಿಂದೆ ಬಂದರೆ ಇಳಿಯಬೇಡಿ

ಅಮೆರಿಕಾಗೆ ಬಂದು ತಿಂಗಳಾಯಿತು, ಕಾರು ತಗೊಂಡೆ, ಪೊಲೀಸರು ನಿಲ್ಲಿಸಿದರೆ ಏನು ಮಾಡಲಿ, ಮುಂದಿನ ತಿಂಗಳು ಅಪ್ಪ ಅಮ್ಮನೂ ಬರ್ತಾರೆ ಎಂದು ಕೇಳಿದ್ದೀರಿ. ನಾನಿಲ್ಲಿಗೆ ಬಂದು ಹದಿನೆಂಟು ವರ್ಷ. ಮೊದಲ ಸಲ ನನ್ನನ್ನು ನಿಲ್ಲಿಸಿದಾಗ ಊರಲ್ಲಿ ಮಾಡುವ ಹಾಗೆ ಕಾಗದಪತ್ರ ಹಿಡಿದು, ಕಾರಿಂದ ಇಳಿದು, ಅವರ ಹತ್ತಿರ ನಡೆದುಬಿಟ್ಟೆ. ನಮ್ಮಲ್ಲಿ ಅದು ಮರ್ಯಾದೆ, ಅಲ್ವಾ? ಅವರು ಕೂಗಿದ್ದು, ಅವರ ಕೈ ಸೊಂಟದ ಪಿಸ್ತೂಲಿಗೆ ಹೋದದ್ದು ಇನ್ನೂ ಕಣ್ಣ ಮುಂದಿದೆ.

ಕಾರನ್ನು ರಸ್ತೆಯ ಬಲಕ್ಕೆ ತಂದು ನಿಲ್ಲಿಸಿ, ಇಳಿಯಬೇಡಿ. ಕಿಟಕಿ ಇಳಿಸಿ, ರಾತ್ರಿಯಾದರೆ ಒಳಗಿನ ಲೈಟ್ ಹಾಕಿ, ಎರಡೂ ಕೈ ಸ್ಟೀರಿಂಗ್ ಮೇಲಿರಲಿ. ಲೈಸೆನ್ಸ್ ಕೇಳಿದರೆ "ಜೇಬಿನಲ್ಲಿದೆ, ತೆಗೀತೀನಿ" ಅಂತ ಹೇಳಿಯೇ ಕೈ ಹಾಕಿ. ದುಡ್ಡಿನ ಮಾತು ಎತ್ತಲೇಬೇಡಿ, ಅದು ದೊಡ್ಡ ಅಪರಾಧ. ಟಿಕೆಟ್, ಅಂದರೆ ದಂಡದ ಚೀಟಿ, ತಪ್ಪು ಅನಿಸಿದರೆ ಕೋರ್ಟಿನಲ್ಲಿ ಹೇಳಬಹುದು, ರಸ್ತೆಯಲ್ಲಿ ವಾದ ಬೇಡ. ಆದರೆ "ಕಾರು ಒಳಗೆ ನೋಡಲೇ?" ಎಂದು ಕೇಳಿದರೆ ಬೇಡ ಅನ್ನುವ ಹಕ್ಕು ನಿಮಗಿದೆ.

ಈ ದೇಶದಲ್ಲಿ ಜನಕ್ಕಿಂತ ಬಂದೂಕು ಜಾಸ್ತಿ. ಯಾವ ಕಾರಿನಲ್ಲಿ ಏನಿದೆಯೋ ಅನ್ನುವ ಭಯ ಇಟ್ಟುಕೊಂಡೇ ಪೊಲೀಸರು ಬರುತ್ತಾರೆ. ಜೊತೆಗೆ, ನಮ್ಮ ಹಾಗೆ ಇಡೀ ರಾಜ್ಯಕ್ಕೆ ಒಬ್ಬ ಡಿಜಿಪಿ ಇಲ್ಲಿಲ್ಲ. ಊರಿಗೊಂದು ಪೊಲೀಸ್, ಕೌಂಟಿಗೊಬ್ಬ (ನಮ್ಮ ಜಿಲ್ಲೆಯ ಹಾಗೆ) ಶೆರಿಫ್ ಅನ್ನುವ ಪೊಲೀಸ್ ಮುಖ್ಯಸ್ಥ, ಹೀಗೆ ಸುಮಾರು 18,000 ಇಲಾಖೆಗಳಿವೆ, ತರಬೇತಿ ಒಂದೊಂದು ಕಡೆ ಒಂದೊಂದು ಥರ. 2020ರಲ್ಲಿ ಮಿನಿಯಾಪೊಲಿಸ್‌ನಲ್ಲಿ ಪೊಲೀಸ್ ಅಧಿಕಾರಿ ಕುತ್ತಿಗೆಯ ಮೇಲೆ ಮೊಣಕಾಲೂರಿದ್ದರಿಂದ ಜಾರ್ಜ್ ಫ್ಲಾಯ್ಡ್ ಎಂಬ ಕಪ್ಪು ವರ್ಣೀಯ ಸತ್ತ ಮೇಲೆ ಎದೆಯ ಮೇಲಿನ ಕ್ಯಾಮೆರಾ, ಬಲಪ್ರಯೋಗದ ನಿಯಮ ಎಲ್ಲದರ ಚರ್ಚೆ ಜೋರಾಯಿತು. ಬದಲಾವಣೆ ಮಾತ್ರ ಎಲ್ಲ ಕಡೆ ಒಂದೇ ಸಮ ಆಗಲಿಲ್ಲ.

ನನಗೆ ನಿಮ್ಮ ಅಪ್ಪ ಅಮ್ಮನದೇ ಚಿಂತೆ. 2015ರ ಫೆಬ್ರವರಿಯಲ್ಲಿ ಅಲಬಾಮಾದ ಮ್ಯಾಡಿಸನ್‌ನಲ್ಲಿ, ಮೊಮ್ಮಗನನ್ನು ನೋಡಿಕೊಳ್ಳಲು ಗುಜರಾತಿನಿಂದ ಬಂದ ಹಿರಿಯರೊಬ್ಬರು ಬೆಳಿಗ್ಗೆ ಸುಮ್ನೆ ವಾಕಿಂಗ್ ಹೋಗಿದ್ದರು. ಯಾರೋ ಅನುಮಾನ ಪಟ್ಟು ಪೊಲೀಸರಿಗೆ ಫೋನ್ ಮಾಡಿದರು. ಆ ಹಿರಿಯರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಅಧಿಕಾರಿ ಅವರನ್ನು ನೆಲಕ್ಕೆ ಕೆಡವಿದ, ಬೆನ್ನುಹುರಿಗೆ ಪೆಟ್ಟಾಯಿತು. ಕೇಸು ನಡೆದಾಗ ಎರಡು ಸಲ ಜ್ಯೂರಿ (ತೀರ್ಪು ಹೇಳುವ ಸಾಮಾನ್ಯ ನಾಗರಿಕರ ತಂಡ) ಒಮ್ಮತಕ್ಕೆ ಬರಲಿಲ್ಲ, ಕೊನೆಗೆ ನ್ಯಾಯಾಧೀಶರು ಆ ಅಧಿಕಾರಿಯನ್ನು ಖುಲಾಸೆ ಮಾಡಿದರು. ಅದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಹಾಗಂತ ಅಪ್ಪ ಅಮ್ಮನನ್ನು ಮನೆಯಲ್ಲೇ ಕೂರಿಸಬೇಡಿ. ಅವರು ಬಂದ ವಾರವೇ ಅಕ್ಕಪಕ್ಕದವರಿಗೆ ಪರಿಚಯ ಮಾಡಿಸಿ. ವಿಳಾಸ, ನಿಮ್ಮ ಫೋನ್ ನಂಬರ್, "ನನಗೆ ಕನ್ನಡ ಮಾತ್ರ ಬರುತ್ತೆ" ಅನ್ನೋದನ್ನ ಇಂಗ್ಲಿಷಿನಲ್ಲಿ ಒಂದು ಚೀಟಿಯಲ್ಲಿ ಬರೆದು ಕುತ್ತಿಗೆಗೆ ತೂಗುಹಾಕಿ ಕೊಡಿ. ಪೊಲೀಸರು ಕರೆದರೆ ನಿಂತುಬಿಡಬೇಕು, ಜೇಬಿಗೆ ಕೈ ಹಾಕಬಾರದು, ಆ ಚೀಟಿ ತೋರಿಸಿದರೆ ಸಾಕು ಎಂದು ಎರಡು ಮೂರು ಸಲ ಮಾಡಿಸಿಯೇ ಕಲಿಸಿ.